ನಾಲ್ಕನೆಯ ಫೆಬ್ರವರಿ

ಗಡಿಯಾರದಂಗಡಿಯ ಸೊಸೆಗೆ ಅವಳ ಗಂಡ ಇಟ್ಟ ಹೆಸರು ರೂಲುದೊಣ್ಣೆ. ಸಿಟ್ಟಿನಲ್ಲಿ ಇಟ್ಟದ್ದಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ಅವಳು ಊಟದ ಮೇಜಿನ ಚಮಚಗಳನ್ನೆಲ್ಲ ಒಂದು ಸಾಲಿಗೆ ತಂದು, ಆಮೇಲೆ ಅವನ ಅಂಗಿಯ ಕಾಲರನ್ನೂ ಅದೇ ಸಾಲಿಗೆ ತರಲು ಹೊರಟಾಗ ಅವನ ಬಾಯಿಂದ ತಾನಾಗಿ ಬಂದ ಮಾತು ಅದು. ಬಂದದ್ದು ಅಂಟಿಕೊಂಡಿತು. ಬೀದಿಯವರು ಎದುರಿಗೆ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ರೂಲುದೊಣ್ಣೆ ಅನ್ನುತ್ತಿದ್ದರು. ಅವಳಿಗೆ ಎರಡೂ ಗೊತ್ತಿತ್ತು, ಎರಡಕ್ಕೂ ಬೇಸರವಿರಲಿಲ್ಲ.

ಈ ಗುಣವೇ ಅವಳಿಗೆ ಅನ್ನದ ದಾರಿಯಾಯಿತು. ಗಡಿಯಾರದ ಅಂಗಡಿ ಮಾವನದು. ಮಗ ತನ್ನ ಜಾಗದಲ್ಲಿ ಕೂರುತ್ತಾನೆ ಎಂದು ಮಾವ ಬಹಳ ಕಾಲ ಕಾದರು. ಆದರೆ ಆ ಮಗನಿಗೆ ಒಂದು ಕಡೆ ಕೂತು ಕೆಲಸ ಮಾಡುವುದೆಂದರೆ ಮುಳ್ಳಿನ ಮೇಲೆ ಕೂತ ಹಾಗೆ. ಅವನು ಎದುರುಬದಿಯಲ್ಲೇ ಬೇಕರಿ ತೆರೆದು, ಹಿಟ್ಟು ಗುದ್ದುತ್ತ, ಒಲೆಯ ಮುಂದೆ ಓಡಾಡುತ್ತ ಸುಖವಾಗಿದ್ದ. ಸೊಸೆ ಬಂದ ಮೇಲೆ ಮಾವ ಒಂದು ದಿನ ಸುಮ್ಮನೆ ಅವಳ ಕೈಗೆ ಚಿಮಟ ಕೊಟ್ಟು, ಬಿಚ್ಚಿದ ಕೈಗಡಿಯಾರದ ತಿರುಪುಗಳನ್ನು ಜೋಡಿಸಿಡಮ್ಮ ಅಂದರು. ಅವಳು ಎತ್ತರದ ಪ್ರಕಾರ ಜೋಡಿಸಿಟ್ಟಳು. ಮಾವ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದು ಅವಳನ್ನೇ ನೋಡಿದರು. ಅಂದಿನಿಂದ ಅಂಗಡಿಯಲ್ಲಿ ಎರಡು ಕುರ್ಚಿಗಳಾದವು.

ಈ ಮನೆಗೆ ಒಂದು ವಿಚಿತ್ರ ಪದ್ಧತಿ ಇತ್ತು. ಅಂಗಡಿಗೆ ರಜೆ ಎನ್ನುವುದು ನಾಲ್ಕು ವರ್ಷಕ್ಕೊಮ್ಮೆ, ಫೆಬ್ರವರಿ ಇಪ್ಪತ್ತೊಂಬತ್ತರಂದು. ಮಿಕ್ಕ ದಿನ ಜ್ವರ ಬಂದರೂ ಒಬ್ಬರಲ್ಲ ಒಬ್ಬರು ಬಾಗಿಲು ತೆರೆಯುತ್ತಿದ್ದರು. ಆದರೆ ಆ ಒಂದು ದಿನ ಮಾತ್ರ ಯಾರೂ ಉಪಕರಣ ಮುಟ್ಟುವಂತಿಲ್ಲ, ಗಡಿಯಾರಕ್ಕೆ ಕೀಲಿ ಕೊಡುವಂತೆಯೂ ಇಲ್ಲ.

ಪದ್ಧತಿ ಮಾಡಿದವರು ಅತ್ತೆ. ಅವರು ಓದುವ ಹುಚ್ಚಿನವರು, ಬೀದಿಯ ಕೊನೆಯ ಲೈಬ್ರರಿಯೇ ಅವರಿಗೆ ತವರು. ಅಲ್ಲಿಯ ಯಾವುದೋ ಹಳೆಯ ಪುಸ್ತಕದಲ್ಲಿ ಅವರಿಗೆ ಒಂದು ಸಂಗತಿ ಸಿಕ್ಕಿತಂತೆ. ಹಿಂದೆ ರೋಮಿನವರು ವರ್ಷಕ್ಕೆ ಹೆಚ್ಚಿನ ದಿನ ಸೇರಿಸಿದಾಗ ಅದಕ್ಕೆ ಬೇರೆ ಅಂಕಿ ಕೊಡಲಿಲ್ಲ, ಫೆಬ್ರವರಿಯ ಕೊನೆಯ ಭಾಗದ ಒಂದು ದಿನವನ್ನೇ ಎರಡು ಸಲ ಎಣಿಸಿದರು, ಕಾನೂನಿನ ಕಣ್ಣಿಗೆ ಆ ಎರಡೂ ಸೇರಿ ಒಂದೇ ದಿನ. ಅತ್ತೆ ಆ ಪುಸ್ತಕ ಮುಚ್ಚಿಟ್ಟು ನೇರ ಅಂಗಡಿಗೆ ಬಂದು, ಹಾಗಾದರೆ ಆ ದಿನ ಯಾರ ಲೆಕ್ಕದಲ್ಲೂ ಇಲ್ಲ, ಯಾರಿಗೂ ಅದರ ಮೇಲೆ ಹಕ್ಕಿಲ್ಲ, ಅದು ನಮ್ಮಿಬ್ಬರದು ಎಂದು ಗಂಡನಿಗೆ ತೀರ್ಪು ಕೊಟ್ಟರು. ಆ ಮನೆಯಲ್ಲಿ ತೀರ್ಪು ಯಾವಾಗಲೂ ಅತ್ತೆಯದೇ.

ಅಂದಿನಿಂದ ಪ್ರತಿ ಇಪ್ಪತ್ತೊಂಬತ್ತಕ್ಕೂ ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಲೈಬ್ರರಿಗೆ ಹೋಗುತ್ತಿದ್ದರು. ಓದುವ ಕೋಣೆಯ ಗೋಡೆಗೆ ಒರಗಿ ಆಳೆತ್ತರದ ಒಂದು ಗಡಿಯಾರವಿದೆ. ಗಂಟೆಯ ಜೊತೆಗೆ ತಾರೀಕು, ತಿಂಗಳುಗಳನ್ನೂ ತಾನೇ ತೋರಿಸುವ ಹಳೆಯ ಗಡಿಯಾರ. ಅದರ ತಾರೀಕಿನ ಮುಳ್ಳು ಇಪ್ಪತ್ತೊಂಬತ್ತರ ಮೇಲೆ ನಿಂತಿರುವುದನ್ನು ನೋಡುತ್ತ, ಅದರ ಕೆಳಗಿನ ಎರಡು ಕುರ್ಚಿಗಳಲ್ಲಿ ಇಬ್ಬರೂ ಸಂಜೆಯವರೆಗೆ ಕೂರುತ್ತಿದ್ದರು. ಅತ್ತೆ ಓದುತ್ತಿದ್ದರು, ಮಾವ ಓದುವವರ ಹಾಗೆ ಪುಸ್ತಕ ಹಿಡಿದು ನಿದ್ದೆ ಹೊಡೆಯುತ್ತಿದ್ದರು. ಅಲ್ಲಿಗೂ ಹುಡುಕಿಕೊಂಡು ಬಂದು ಯಾರಾದರೂ ಕೈಗಡಿಯಾರ ಬಿಚ್ಚಿ ಮುಂದೆ ಹಿಡಿದರೆ ಅತ್ತೆ ತಲೆ ಎತ್ತದೆಯೇ, ಇವತ್ತು ನಮ್ಮ ಅಂಗಡಿಗೆ ರಜೆ, ನಾಳೆ ನೋಡೋಣ ಎನ್ನುತ್ತಿದ್ದರು.

ಕಳೆದ ಸಲದ ಇಪ್ಪತ್ತೊಂಬತ್ತು ಬರುವ ಹೊತ್ತಿಗೆ ಆ ಗಡಿಯಾರ ಕೆಟ್ಟು ನಿಂತಿತ್ತು, ಲೈಬ್ರರಿಗೂ ಬಣ್ಣ ಹೊಡೆಯುವವರು ಬಂದು ಬಾಗಿಲು ಹಾಕಿತ್ತು. ಇರಲಿ, ಮುಂದಿನ ಸಲ ಹೋದರಾಯಿತು ಅಂದರು ಅತ್ತೆ. ಅದಾದ ಮರುವರ್ಷ ಅತ್ತೆ ತೀರಿಕೊಂಡರು.

ಈ ವರ್ಷದ ಇಪ್ಪತ್ತೊಂಬತ್ತಕ್ಕೆ ಆ ಗಡಿಯಾರ ಓಡಬೇಕು ಎಂದು ಮಾವ ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಜಾಯಮಾನ ಅವರದಲ್ಲ. ಆದರೆ ಲೈಬ್ರರಿ ಮೇಡಂ ದುರಸ್ತಿಗೆ ಹೇಳಿ ಕಳಿಸಿದ ದಿನ ಅವರು ಎರಡು ಸಲ ಗಡ್ಡ ಹೆರೆದುಕೊಂಡದ್ದನ್ನು ಸೊಸೆ ನೋಡಿದ್ದಳು. ಅದೇ ವಾರ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಕೂತೇ ಅವರು ಗಡಿಯಾರದ ಒಳಗನ್ನು ಬಾಯಲ್ಲಿ ಆದಷ್ಟು ವಿವರಿಸಿದರು, ಅನುಮಾನ ಬಂದರೆ ಮಾತ್ರ ಕೇಳಮ್ಮ, ಕೈ ಹಾಕಿಬಿಡಬೇಡ ಎಂದೂ ಹೇಳಿದರು. ಅವಳು ಹೋದಳು, ಬಿಚ್ಚಿದಳು, ತೊಳೆದಳು, ಜೋಡಿಸಿದಳು. ಗಡಿಯಾರ ಓಡತೊಡಗಿತು. ಅವಳಿಗೆ ಒಂದೇ ಒಂದು ಅನುಮಾನವೂ ಬರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಎಡವಟ್ಟು ಬೆಳಕಿಗೆ ಬಂದದ್ದು ಇಪ್ಪತ್ತೊಂಬತ್ತಕ್ಕೆ ಇನ್ನೊಂದು ವಾರವಿದೆ ಎನ್ನುವಾಗ, ಊಟದ ಮೇಜಿನ ಮುಂದೆ. ಬೇಕರಿಯಿಂದ ಬಂದ ಗಂಡ ಬಿಸಿ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಅಲ್ಲಪ್ಪಾ, ಈ ಹೆಚ್ಚಿನ ದಿನ ಬರುವುದಾದರೂ ಎಲ್ಲಿಂದ ಎಂದು ಕೇಳಿದ. ಮಾವ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಗಡಿಯಾರದವನ ಹೊಟ್ಟೆಯಲ್ಲಿ ಹುಟ್ಟಿ, ಈ ವಯಸ್ಸಿಗೆ ಕೇಳುವ ಪ್ರಶ್ನೆಯೇ ಇದು ಎಂದು ಬೈದರು. ಬೈದು ಮುಗಿದ ಮೇಲೆ ಚಾಕು ತೆಗೆದುಕೊಂಡು ದುಂಡನೆಯ ಬ್ರೆಡ್ಡನ್ನು ನಾಲ್ಕು ಭಾಗ ಮಾಡಿದರು.

ಭೂಮಿ ಸೂರ್ಯನನ್ನು ಒಂದು ಸುತ್ತು ಬರಲು ಮುನ್ನೂರ ಅರವತ್ತೈದು ದಿನ ಸಾಲದು, ಹತ್ತಿರ ಹತ್ತಿರ ಇನ್ನೊಂದು ಕಾಲು ದಿನ ಬೇಕು ಎಂದರು. ಆ ಕಾಲನ್ನು ಯಾರೂ ಎಣಿಸುವುದಿಲ್ಲ, ಪಕ್ಕಕ್ಕಿಡುತ್ತಾರೆ. ಒಂದು ತುಂಡನ್ನು ತಟ್ಟೆಯಂಚಿಗೆ ಇಟ್ಟು, ಇದು ಮೊದಲನೆಯ ವರ್ಷದ್ದು ಅಂದರು. ಹೀಗೆ ನಾಲ್ಕು ತುಂಡನ್ನೂ ಸರಿಸಿದಾಗ ಬ್ರೆಡ್ಡು ಮತ್ತೆ ಇಡಿಯಾಯಿತು. ಆ ಇಡೀ ದಿನವನ್ನು ಸೇರಿಸದೆ ಬಿಟ್ಟರೆ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅರ್ಧ ತಿಂಗಳು ಜಾರಿಹೋಗುತ್ತದೆ, ಅವನ ಮರಿಮಕ್ಕಳ ಮರಿಮಕ್ಕಳು ಬೇಸಿಗೆಯ ತಿಂಗಳು ಬಂತೆಂದು ಕಂಬಳಿ ಒಳಗಿಟ್ಟು ಚಳಿಯಲ್ಲಿ ನಡುಗಬೇಕಾಗುತ್ತದೆ. ಇದನ್ನು ಈಜಿಪ್ಟಿನ ಪಂಡಿತರು ಬಹಳ ಹಿಂದೆಯೇ ಕಂಡುಕೊಂಡಿದ್ದರು, ರೋಮಿನ ದೊರೆಯೊಬ್ಬ ಅವರಲ್ಲಿ ಒಬ್ಬನನ್ನು ಕೇಳಿಕೊಂಡು ತನ್ನ ಪಂಚಾಂಗ ಸರಿಮಾಡಿಕೊಂಡ. ಫೆಬ್ರವರಿಯೇ ಯಾಕೆ ಅಂದರೆ, ಮೊದಲು ಅವರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚಿಗೆ. ಫೆಬ್ರವರಿ ಕೊನೆಯದು. ಕೂಡಿಸುವುದಾಗಲಿ ಕಳೆಯುವುದಾಗಲಿ ಕೊನೆಯಲ್ಲೇ ತಾನೆ.

"ಅಷ್ಟೇನಾ? ಉಳಿದಿದ್ದನ್ನ ಎತ್ತಿಟ್ಟು ಆಮೇಲೆ ಸೇರಿಸೋದು. ಅದನ್ನ ನಾವು ಬೇಕರಿಯವರು ದಿನಾ ಮಾಡ್ತೀವಿ" ಎಂದು ಮಗ ಮೊದಲನೆಯ ವರ್ಷವನ್ನು ಬಾಯಿಗೆ ಹಾಕಿಕೊಂಡ. ಅಗಿಯುತ್ತಲೇ ಇನ್ನೊಂದು ಕೇಳಿದ, ಇದೆಲ್ಲ ಆ ಲೈಬ್ರರಿ ಗಡಿಯಾರಕ್ಕೆ ಹೇಗೆ ಗೊತ್ತಾಗುತ್ತದೆ, ಅದೇನು ಪುಸ್ತಕ ಓದುತ್ತದೆಯೇ ಎಂದು.

"ಅದರೊಳಗೆ ಒಂದು ಚಕ್ರ ಇದೆ. ನಾಲ್ಕು ವರ್ಷಕ್ಕೆ ಒಂದೇ ಸುತ್ತು" ಎಂದರು ಮಾವ. "ತಿಂಗಳು ಮುಗಿದಾಗ ಒಂದು ಕೊಕ್ಕೆ ಅದರ ಅಂಚಿನ ಕಚ್ಚಿಗೆ ಬೀಳುತ್ತೆ. ಕಚ್ಚು ಎಷ್ಟು ಆಳವೋ ಅಷ್ಟು ದಿನ ಹಾರಿಸಿಬಿಡುತ್ತೆ. ಮೂರು ಫೆಬ್ರವರಿಯ ಕಚ್ಚು ಪೂರ್ತಿ ಆಳ. ನಾಲ್ಕನೇದು ಮಾತ್ರ ಒಂದೆಳೆ ಮೇಲೆ. ಆ ಒಂದೆಳೆ ಹಿತ್ತಾಳೆಯಲ್ಲೇ ಕಣೋ ಒಂದಿಡೀ ದಿನ ಇರೋದು."

ಸೊಸೆಯ ಗಂಟಲಿನಲ್ಲಿ ಬ್ರೆಡ್ಡು ಸಿಕ್ಕಿಕೊಂಡಿತು. ಗಂಡ ಬೆನ್ನು ತಟ್ಟಿದ, ಮಾವ ನೀರು ಕೊಟ್ಟರು. ಅವಳಿಗೆ ಆ ಚಕ್ರ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಮೂರು ಕಚ್ಚುಗಳು ಒಂದೇ ಆಳ, ನಾಲ್ಕನೆಯದು ಸ್ವಲ್ಪ ಮೇಲೆ. ಹಳೆಯ ಕಾಲದ ಯಾರೋ ಸೋಮಾರಿ ಕೆಲಸಗಾರ ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ ಎಂದುಕೊಂಡು ಅವಳು ಪಾಪದವನ ಮೇಲೆ ಕನಿಕರಪಟ್ಟಿದ್ದಳು. ಸಣ್ಣ ಅರ ತೆಗೆದುಕೊಂಡು ನಾಲ್ಕನೆಯದನ್ನೂ ಮೂರರ ಸಮಕ್ಕೆ ಉಜ್ಜಿ, ಮೆರುಗು ಕೊಟ್ಟು, ಈಗ ನೋಡಲು ಲಕ್ಷಣವಾಯಿತು ಎಂದು ಊದಿ ಪುಡಿ ಹಾರಿಸಿದ್ದಳು. ಹಾರಿಹೋದದ್ದು ಮಾವ ಎಂಟು ವರ್ಷದಿಂದ ಕಾಯುತ್ತಿರುವ ದಿನ.

ಮರುದಿನ ಬೆಳಿಗ್ಗೆ ಗಡಿಯಾರಕ್ಕೆ ಎಣ್ಣೆ ಬಿಡುವ ನೆಪ ಹೇಳಿ ಅವಳು ಲೈಬ್ರರಿಗೆ ಹೋದಳು. ಹಿಂದಿನ ಪುಟ್ಟ ಬಾಗಿಲು ತೆರೆದು ದೀಪ ಹಿಡಿದಳು. ನಾಲ್ಕೂ ಕಚ್ಚುಗಳು ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಹೊಳೆಯುತ್ತಿದ್ದವು. ತನ್ನ ಕೈಕೆಲಸದ ಮೇಲೆ ಅವಳಿಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಬೆಸುಗೆ ಹಾಕಿ ಎತ್ತರಿಸಬಹುದಿತ್ತು. ಆದರೆ ಎಷ್ಟು ಎತ್ತರ? ಆ ಅಳತೆ ಹಿತ್ತಾಳೆಯ ಪುಡಿಯ ಜೊತೆಗೇ ಕಸಕ್ಕೆ ಹೋಗಿತ್ತು. ಅದನ್ನು ಬಲ್ಲವರು ಒಬ್ಬರೇ, ಅವರಿಗೇ ಹೇಳುವ ಹಾಗಿಲ್ಲ.

ಇನ್ನೊಂದು ಸುಲಭದ ದಾರಿ ಅವಳ ಕಣ್ಣೆದುರಿಗೇ ಇತ್ತು. ಮುಖಫಲಕದ ಹಿಂದೆ, ತಾರೀಕನ್ನು ಕೈಯಿಂದ ಸರಿಪಡಿಸಲು ಒಂದು ಸಣ್ಣ ಕಡ್ಡಿ ಇರುತ್ತದೆ. ಇಪ್ಪತ್ತೊಂಬತ್ತರ ಬೆಳಿಗ್ಗೆ ಮಾವನಿಗಿಂತ ಮೊದಲು ಬಂದು ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದರೆ ಮುಗಿಯಿತು. ಮೇಡಂ ಬೀಗದ ಕೈ ಕೊಡುತ್ತಾರೆ, ಯಾಕೆ ಏನು ಎಂದು ಕೇಳುವವರಲ್ಲ. ನರಪಿಳ್ಳೆಗೂ ಗೊತ್ತಾಗುವುದಿಲ್ಲ.

ಹಾಗೇ ಮಾಡುವುದೆಂದು ಅವಳು ಗಟ್ಟಿ ಮಾಡಿಕೊಂಡು ಬಾಗಿಲು ಮುಚ್ಚಿದಳು. ತಿರುಗಿದರೆ ಆ ಎರಡು ಕುರ್ಚಿಗಳು. ಒಂದರ ಕೈ ಅತ್ತೆಯ ಮೊಣಕೈ ಊರಿ ಊರಿ ನುಣುಪಾಗಿತ್ತು. ಅತ್ತೆಯ ಜಾಗ ಪಕ್ಕದಲ್ಲಿಟ್ಟುಕೊಂಡು, ತಾನು ತಳ್ಳಿ ನಿಲ್ಲಿಸಿದ ಸುಳ್ಳು ಅಂಕಿಯ ಕೆಳಗೆ ಮಾವ ಸಂಜೆಯವರೆಗೆ ನೆಮ್ಮದಿಯಾಗಿ ಕೂತಿರುವ ಚಿತ್ರ ಮನಸ್ಸಿಗೆ ಬಂತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಈ ಮನುಷ್ಯ ತನ್ನ ಕೈ ಹಿಡಿದು ವಿದ್ಯೆ ಕಲಿಸಿದವರು, ಅಪ್ಪನಿಗಿಂತ ಹೆಚ್ಚು. ಬೈಸಿಕೊಳ್ಳುವುದೇ ವಾಸಿ ಎಂದುಕೊಂಡು ಅಂಗಡಿಗೆ ವಾಪಸು ಬಂದಳು.

ಮಾವ ಹೊಸ ಕಣ್ಣಿನ ಉತ್ಸಾಹದಲ್ಲಿ ಒಂದು ಅಲಾರಂ ಗಡಿಯಾರದ ಹೊಟ್ಟೆ ಬಗೆದು ಕೂತಿದ್ದರು. ಅವಳು ತನ್ನ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಹೇಳಿದಳು.

"ಮಾವ, ನಾಲ್ಕನೇ ಫೆಬ್ರವರಿಯನ್ನ ನಾನು ಉಜ್ಜಿ ಹಾಕಿಬಿಟ್ಟಿದೀನಿ."

ಮಾವ ಚಿಮಟ ಕೆಳಗಿಟ್ಟರು. ಅಂಗಡಿಯ ಗಡಿಯಾರಗಳಷ್ಟೂ ಒಟ್ಟಿಗೇ ಜೋರಾದ ಹಾಗೆ ಅವಳಿಗೆ ಕೇಳಿಸಿತು. ಅವರ ಮುಖ ಸಣ್ಣದಾದದ್ದನ್ನು ಅವಳು ಕಂಡಳು. ಆಮೇಲೆ ಅವರು ಬಹಳ ಮೆಲ್ಲಗೆ ಕೇಳಿದರು.

"ಮೂರರ ಜೊತೆ ಹೊಂದಲಿ ಅಂತಾನಾ?"

"ಹೂಂ."

"ಹೊಂದಿತಾ?"

"ತುಂಬಾ ಚೆನ್ನಾಗಿ ಹೊಂದಿತು" ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂತು.

ಮಾವನಿಗೆ ನಗು ಬಂತು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಕೊನೆಗೆ ಆಪರೇಷನ್ ಆದ ಕಣ್ಣಿನಲ್ಲಿ ನೀರು ಬಂದು, ಡಾಕ್ಟರು ಬೈಯುತ್ತಾರೆ ಎಂದು ಕರವಸ್ತ್ರದಿಂದ ಒತ್ತಿಕೊಂಡರು. ಅವಳನ್ನು ಕೂರಿಸಿ, ನೀನೊಬ್ಬಳೇ ಅಲ್ಲ ಎಂದು ಸಮಾಧಾನ ಮಾಡಿದರು. ನಾಲ್ಕು ವರ್ಷಕ್ಕೊಂದು ದಿನ ಸೇರಿಸಿ ಎಂದು ಆ ರೋಮಿನ ದೊರೆ ತನ್ನ ಪೂಜಾರಿಗಳಿಗೆ ಹೇಳಿ ಸತ್ತನಂತೆ. ಅವರು ಬಲು ಶ್ರದ್ಧೆಯವರು. ಶುರುವಿನ ವರ್ಷವನ್ನೂ ಸೇರಿಸಿ ಎಣಿಸಿ, ಮೂರು ವರ್ಷಕ್ಕೇ ಒಂದೊಂದು ದಿನ ಹಾಕುತ್ತ ಹೋದರು. ಎಷ್ಟೋ ವರ್ಷ ಯಾರಿಗೂ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ಮುಂದಿನ ದೊರೆ ಯಾರ ತಲೆಯನ್ನೂ ತೆಗೆಯಲಿಲ್ಲ, ಹೆಚ್ಚಾದದ್ದು ಸರಿಹೋಗುವವರೆಗೆ ಕೆಲವು ಸಲ ದಿನ ಹಾಕುವುದನ್ನು ನಿಲ್ಲಿಸಿದ, ಅಷ್ಟೆ. ಎಲ್ಲ ಸೋಮಾರಿತನದಿಂದಲೇ ಕೆಡುವುದಿಲ್ಲ, ಶ್ರದ್ಧೆಯಿಂದ ಕೆಟ್ಟದ್ದೂ ಉಂಟು ಎಂದರು.

"ಆ ದಿನಾನೇ ಒಂದು ತೇಪೆ ಕಣಮ್ಮ" ಎಂದರು. "ವರ್ಷ ಸಾಲದೇ ಬಂದ ಕಡೆ ಮನುಷ್ಯ ಹಾಕಿದ ತೇಪೆ. ಕಿತ್ತುಹೋದ್ರೆ ಇನ್ನೊಂದು ಹಾಕಿದರಾಯ್ತು. ನಿಮ್ಮತ್ತೆ ಇದ್ದಿದ್ದರೆ ಈಗ ನಿನ್ನ ಪರ ವಹಿಸಿಕೊಂಡು ನನಗೇ ಬೈತಿದ್ಲು, ಹುಡುಗಿಗೆ ಸರಿಯಾಗಿ ಹೇಳಿಕೊಡಲಿಲ್ಲ ಅಂತ."

ಅಂದು ಸಂಜೆ ಓದುವವರೆಲ್ಲ ಹೋದ ಮೇಲೆ ಇಬ್ಬರೂ ಲೈಬ್ರರಿಗೆ ಹೋದರು. ಮೇಡಂ ದೀಪ ಹಿಡಿದು ನಿಂತರು. ಮಾವನಿಗೆ ಕಣ್ಣು ಹೊಸದು, ಕೈ ಹಳೆಯದು, ನಡುಗುತ್ತಿತ್ತು. ಅವಳ ಕೈ ನಡುಗುವುದಿಲ್ಲ, ಆದರೆ ಅವಳಿಗೆ ಅಳತೆ ಗೊತ್ತಿಲ್ಲ. ಹಾಗಾಗಿ ಇಬ್ಬರೂ ಸೇರಿ ಒಬ್ಬ ಕೆಲಸಗಾರನಾದರು. ಅವಳು ಚಕ್ರ ಬಿಚ್ಚಿ, ಉಗುರಿನಂಚಿನಷ್ಟು ಹಿತ್ತಾಳೆಯ ತುಣುಕನ್ನು ಕಚ್ಚಿನ ತಳಕ್ಕೆ ಬೆಸೆದಳು. ಮಾವ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಆಡಿಸಿದರು. ಇನ್ನೊಂದು ಚೂರು ಅಂದರು. ಅವಳು ಸೇರಿಸಿದಳು. ಇನ್ನೂ ಒಂದು ಚೂರು. ಮತ್ತೆ ಉಗುರು ಆಡಿಸಿ, ಸಾಕು ಅಂದರು.

ತೇಪೆ ಮಾತ್ರ ನೋಡಲಾಗದಷ್ಟು ವಿಕಾರವಾಗಿತ್ತು. ಒಂದು ಕಡೆ ಬೆಸುಗೆ ಗಂಟುಗಟ್ಟಿತ್ತು, ಬಣ್ಣವೂ ಬೇರೆ. ಅವಳ ಕೈ ತಾನಾಗಿ ಅರದ ಕಡೆ ಹೋಯಿತು. ಮಾವ ಅರವನ್ನು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. ಮೇಡಂ ದೀಪದ ಹಿಂದೆ ನಕ್ಕರು.

ಕೈಯಿಂದ ತಿರುಗಿಸಿ ನೋಡಿದಾಗ ಮುಳ್ಳು ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ಆದರೆ ಕೈಯಲ್ಲಿ ನಿಂತದ್ದು ತಾನಾಗಿ ಓಡುವಾಗಲೂ ನಿಲ್ಲುತ್ತದೆ ಎಂದು ಗಡಿಯಾರದವರು ಯಾರೂ ಆಣೆ ಇಡುವುದಿಲ್ಲ. ಹಸಿ ಬೆಸುಗೆ, ಪದೇ ಪದೇ ಪರೀಕ್ಷೆ ಬೇಡ ಎಂದು ಮಾವ ಒಂದೇ ಸಲಕ್ಕೆ ಮುಗಿಸಿದರು. ಆ ವಾರವೆಲ್ಲ ಸೊಸೆಗೆ ಊಟ ರುಚಿಸಲಿಲ್ಲ. ಗಂಡ ಬೇಕರಿಯಿಂದ ಅವಳಿಗಿಷ್ಟವಾದ ಬೆಣ್ಣೆ ಬಿಸ್ಕತ್ತು ತಂದರೆ ಅದನ್ನೂ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟಳೇ ಹೊರತು ತಿನ್ನಲಿಲ್ಲ.

ಇಪ್ಪತ್ತೊಂಬತ್ತರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯ ಬಾಗಿಲಿಗೆ ರಜೆಯ ಹಲಗೆ ತೂಗುಹಾಕಿದರು. ಹಲಗೆ ಓರೆಯಾಗಿತ್ತು. ಸರಿಮಾಡಲು ಹೋದ ಸೊಸೆಯನ್ನು, ಇವತ್ತು ಮುಟ್ಟೋ ಹಾಗಿಲ್ಲ, ನಡಿ ಎಂದು ಕರೆದುಕೊಂಡು ಹೊರಟರು. ಮೇಡಂ ಅವರಿಬ್ಬರಿಗಾಗಿಯೇ ಬಾಗಿಲು ತೆರೆದಿಟ್ಟಿದ್ದರು. ಮಾವ ತಲೆ ತಗ್ಗಿಸಿಕೊಂಡೇ ಕೋಣೆ ದಾಟಿ, ತಮ್ಮ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಆಮೇಲೆ ಕತ್ತೆತ್ತಿದರು. ಅವಳಿಗೆ ಗಡಿಯಾರ ನೋಡುವ ಧೈರ್ಯವಾಗಲಿಲ್ಲ, ಅವಳು ಮಾವನ ಮುಖ ನೋಡುತ್ತಿದ್ದಳು. ಅವರ ಹುಬ್ಬು ಮೇಲೇರಿತು, ಬಾಯಿ ಸ್ವಲ್ಪ ತೆರೆಯಿತು, ಕತ್ತು ನಿಧಾನವಾಗಿ ಕುರ್ಚಿಗೆ ಒರಗಿತು.

"ಬಂತು" ಎಂದರು. "ಬಂದ್ಬಿಡ್ತು ಕಣಮ್ಮ."

ಅವಳು ತಿರುಗಿ ನೋಡಿದಳು. ಮುಳ್ಳು ಇಪ್ಪತ್ತೊಂಬತ್ತರ ಮೇಲಿತ್ತು. ಅವಳ ಎದೆಯ ಭಾರ ಇಳಿಯಿತು, ಆದರೆ ಕಣ್ಣು ಸುಮ್ಮನಿರಬೇಕಲ್ಲ. ಮುಳ್ಳಿನ ತುದಿ ಅಂಕಿಯ ನಟ್ಟನಡುವೆ ಇರಲಿಲ್ಲ, ಒಂದು ಕೂದಲೆಳೆಯಷ್ಟು ಮುಂದಕ್ಕೆ ವಾಲಿತ್ತು. ತೇಪೆ ಅಷ್ಟು ತಗ್ಗಾಗಿತ್ತು. ಅದನ್ನು ಅವಳು ಅಳುಕುತ್ತ ಮಾವನಿಗೆ ತೋರಿಸಿದಳು.

ಮಾವ ಅದನ್ನು ಆಗಲೇ ಕಂಡಿದ್ದರು. "ಕಾಲು ದಿನ ಅಂತೀವಲ್ಲ, ಅದೂ ಪೂರ್ತಿ ಕಾಲಲ್ಲ, ಒಂದು ಚೂರು ಕಮ್ಮಿ. ಅದಕ್ಕೇ ಸಾವಿರದ ಒಂಬೈನೂರರ ಹಾಗೆ ನೂರು ತುಂಬೋ ವರ್ಷಗಳಲ್ಲಿ ಬಹಳಷ್ಟಕ್ಕೆ ಈ ದಿನ ಕೊಡೋದೇ ಇಲ್ಲ. ಭೂಮಿಯೇ ನಿನ್ನ ಗೆರೆ ಮೇಲೆ ನಿಲ್ಲಲ್ಲ, ಇನ್ನು ಈ ಮುಳ್ಳು ಯಾವ ಲೆಕ್ಕ? ಕೂತ್ಕೋ" ಎಂದು ಪಕ್ಕದ ಕುರ್ಚಿಯ ಕೈ ತಟ್ಟಿದರು. ಅದು ಅತ್ತೆಯ ಕುರ್ಚಿ. ಅವಳು ಹಿಂದೆಮುಂದೆ ನೋಡಿದಳು. ಅವರು ಇನ್ನೊಂದು ಸಲ ತಟ್ಟಿದರು. ಅವಳು ಕೂತಳು, ನುಣುಪಾದ ಆ ಜಾಗಕ್ಕೆ ಅವಳ ಮೊಣಕೈಯೂ ಸರಿಯಾಗಿ ಕೂತಿತು.

ಬೆಳಗಿನ ಮೊದಲ ಭಾಗವೆಲ್ಲ ಅವಳ ಬೆರಳು ತುರಿಸುತ್ತಲೇ ಇತ್ತು. ಹಿಂದಿನ ಬಾಗಿಲು ಕೈಗೆಟುಕುವಷ್ಟು ಹತ್ತಿರ, ಕಡ್ಡಿಗೆ ಒಂದು ಬೆರಳು ಸೋಕಿಸಿದರೆ ಮುಳ್ಳು ನೆಟ್ಟಗಾಗುತ್ತದೆ. ಮಾವ ಪುಸ್ತಕ ಹಿಡಿದುಕೊಂಡು ಗೊರಕೆ ತೆಗೆದರು. ಅವಳು ಕಪಾಟಿನಿಂದ ಒಂದು ಪುಸ್ತಕ ತಂದು ತೆರೆದಳು. ಎಷ್ಟೋ ವರ್ಷಗಳಿಂದ ಅವಳು ಇಡೀ ಒಂದು ಪುಟವನ್ನು ಅಡ್ಡಿಯಿಲ್ಲದೆ ಓದಿರಲಿಲ್ಲ. ಓದುತ್ತ ಓದುತ್ತ ತನಗೆ ಹಿಡಿಸಲಾರದಷ್ಟು ಸುಖವಾಗಿದೆ ಎಂದು ಅವಳಿಗೆ ಹೊಳೆಯಿತು. ಮಧ್ಯಾಹ್ನ ಗಂಡ ಬೇಕರಿಯ ಹಿಟ್ಟಿನ ಕೈಯಲ್ಲೇ ಬಂದು, ಗಡಿಯಾರವನ್ನೂ ಹೆಂಡತಿಯನ್ನೂ ನೋಡಿ, ರೂಲುದೊಣ್ಣೆ ಸುಮ್ಮನೆ ಕೂತಿರೋದನ್ನ ನೋಡೋಕೆ ನಾಲ್ಕು ವರ್ಷ ಕಾಯಬೇಕಾಯ್ತಲ್ಲ ಎಂದು ಪಿಸುಗುಟ್ಟಿ, ಬ್ರೆಡ್ಡಿನ ಪೊಟ್ಟಣವಿಟ್ಟು ಹೋದ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೇಡಂ ಬಂದರು. ಕನ್ನಡಕ ಏರಿಸಿ ಗಡಿಯಾರವನ್ನು ದಿಟ್ಟಿಸಿ ನೋಡಿ, ಮುಳ್ಳು ಒಂದಿಷ್ಟು ವಾಲಿದ ಹಾಗಿದೆ, ಹೇಗೂ ಇಲ್ಲೇ ಇದ್ದೀರಿ, ಸ್ವಲ್ಪ ಸರಿಮಾಡುತ್ತೀರಾ ಎಂದು ಕೇಳಿದರು. ಮಾವ ಆಗಷ್ಟೇ ಕಣ್ಣು ಬಿಟ್ಟಿದ್ದರು, ಸೊಸೆಯ ಕಡೆ ನೋಡಿದರು.

ಸೊಸೆ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಇವತ್ತು ನಮ್ಮ ಅಂಗಡಿಗೆ ರಜೆ" ಎಂದಳು. "ನಾಳೆ ನೋಡೋಣ."

ನಾಳೆ ಮುಳ್ಳು ಮಾರ್ಚ್ ಒಂದಕ್ಕೆ ಹೋಗಿರುತ್ತದೆ, ಆ ವಾಲು ಮತ್ತೆ ಕಾಣುವುದು ಇನ್ನು ನಾಲ್ಕು ವರ್ಷಕ್ಕೆ ಎಂದು ಮೂವರಿಗೂ ಗೊತ್ತಿತ್ತು. ಮೇಡಂ ದೀಪವನ್ನು ಇನ್ನೂ ಸ್ವಲ್ಪ ಹೊತ್ತು ಉರಿಯಲು ಬಿಟ್ಟು ಹೋದರು. ಮಾವ ಕರವಸ್ತ್ರ ತೆಗೆದು ಆಪರೇಷನ್ ಆದ ಕಣ್ಣನ್ನು ಮತ್ತೊಮ್ಮೆ ಒತ್ತಿಕೊಂಡರು.